ಒಂದನೇ ನಂಬರಿನ ಅಭಿಮಾನಿ

ಬೀರಯ್ಯ ಆವತ್ತು ಬೆಳಿಗ್ಗೆ ತಲೆಗೆ ಟವೆಲ್ ಸುತ್ತಿಕೊಂಡು ಹೊರಟಿದ್ದರೆ ಏನೂ ಆಗುತ್ತಿರಲಿಲ್ಲ. ಅವನು ಕೆಂಪು ಟೋಪಿ ಹಾಕಿಕೊಂಡ.

ಟೋಪಿ ಇಂದ್ರಪುರಿ ಪಾರ್ಕಿನದು. ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ ಹೆದ್ದಾರಿಗೆ ಅಂಟಿಕೊಂಡು ಎರಡು ವರ್ಷದ ಹಿಂದೆ ಶುರುವಾದ ಮೋಜಿನ ಪಾರ್ಕು ಅದು. ಒಂದು ಜೈಂಟ್ ವೀಲು, ಬಾತುಕೋಳಿ ಆಕಾರದ ದೋಣಿಗಳಿದ್ದ ಒಂದು ಕೊಳ, ಬಾಯಿ ತೆರೆದುಕೊಂಡು ನಿಂತ ಸಿಮೆಂಟಿನ ಹುಲಿ, ಮತ್ತೆ ಒಂದು ಮುದಿ ಒಂಟೆ. ಆಗ ರೇಷ್ಮೆ ಗೂಡಿಗೆ ಬಂಗಾರದ ರೇಟು. ರಾಮನಗರದ ಮಾರ್ಕೆಟ್ಟಿನಲ್ಲಿ ಗೂಡು ಸುರಿದು ಬಂದವರಲ್ಲಿ ಕೆಲವರು ಬೋರ್ ಕೊರೆಸಿದರು, ಕೆಲವರು ಮನೆಗೆ ತಾರಸಿ ಹಾಕಿಸಿದರು. ಬೀರಯ್ಯ ಅಭಿಮಾನಿಯಾದ.

ಜನ ಸಿನಿಮಾದವರಿಗೆ ಅಭಿಮಾನಿಗಳಾಗುವುದುಂಟು. ತಿರುಗುವ ಕಬ್ಬಿಣಕ್ಕೆ ಅಭಿಮಾನಿಯಾದವನು ಆ ಸೀಮೆಯಲ್ಲಿ ಅವನೊಬ್ಬನೇ. ಒಂದು ಬೆಳೆ ಗೂಡು ಮಾರಿದ ಮಾರನೆಯ ದಿನ ಅವನು ಪಾರ್ಕಿನಲ್ಲಿರುತ್ತಿದ್ದ. ಬರುವಾಗ ಒಂದು ಕಂತೆ ಕಾಗದದ ಟೋಪಿ, ಗಾಳಿಗೆ ತಿರುಗುವ ಬಣ್ಣದ ಕಾಗದದ ಗಿರಗಟ್ಟೆ ಒಂದು ಹೊರೆ, ಒಂದು ಕಟ್ಟು ಪೋಸ್ಟರು ತರುತ್ತಿದ್ದ. ಅಟ್ಟದ ಮೇಲೆ ಹೋದ ವರ್ಷದ ರಾಗಿ ಇರಬೇಕಾದ ಜಾಗದಲ್ಲಿ ಟೋಪಿಗಳು ಒಂದರೊಳಗೊಂದು ಕೂತು ಗೋಪುರ ಕಟ್ಟಿದ್ದವು. ಊರಿನಲ್ಲಿ ಯಾರ ಮನೆಯ ಮಗುವಿಗೆ ಜ್ವರ ಬಂದರೂ ಅವನು ಹೋಗಿ, "ನಮ್ಮ ಪಾರ್ಕಿಗೆ ಕರ್ಕೊಂಡೋಗಿ ಒಂದು ಸುತ್ತು ವೀಲ್ ಹತ್ಸಿ, ಸರಿಹೋಗ್ತದೆ" ಎಂದು ಹೇಳಿ ಬರುತ್ತಿದ್ದ.

"ನಮ್ಮ ಪಾರ್ಕು" ಎನ್ನುವುದಕ್ಕೆ ಅವನ ಹತ್ತಿರ ಕಾರಣವೂ ಇತ್ತು. ಪಾರ್ಕು ಶುರುವಾಗುವ ಮುಂಚೆ, ಗೂಡಿನ ಮಾರ್ಕೆಟ್ಟಿನ ಪಕ್ಕದ ಹೋಟೆಲಿನಲ್ಲಿ, ಸಫಾರಿ ಹಾಕಿದ್ದ ಒಬ್ಬ ಸಾಹೇಬರು ಅವನ ಎದುರಿಗೆ ಕೂತು ಇಡ್ಲಿ ತಿನ್ನುತ್ತಾ ಪಾರ್ಕಿನ ವಿಚಾರ ಎತ್ತಿದರು. ಬೀರಯ್ಯ ಇಡ್ಲಿ ಮರೆತು ಕೇಳಿದ. ಎಷ್ಟು ಎತ್ತರ ಹೋಗ್ತದೆ ಸ್ವಾಮಿ, ಮೇಲಿಂದ ಮಾಗಡಿ ಕಾಣ್ತದಾ ಸ್ವಾಮಿ ಎಂದು ಕೇಳಿದ. ಸಾಹೇಬರು ಅವನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮಂಥ ಅಭಿಮಾನಿಯನ್ನೇ ಹುಡುಕ್ತಾ ಇದ್ವಿ" ಅಂದರು. ಸ್ಟುಡಿಯೋಗೆ ಕರೆದುಕೊಂಡು ಹೋಗಿ, ಸ್ಟುಡಿಯೋದವರದೇ ಕೋಟು, ಟೈ ಹಾಕಿಸಿ ಫೋಟೋ ತೆಗೆಸಿದರು. ಒಂದು ಕಟ್ಟು ಹಾಳೆಗೆ ಸೈನು ಹಾಕಿಸಿಕೊಂಡರು. ಜೀವನಪೂರ್ತಿ ಪುಕ್ಕಟೆ ಬರಲು ಒಂದು ಪಾಸು, ಒಂದು ಕೆಂಪು ಟೋಪಿ ಕೊಟ್ಟು, "ನೀವು ಒಂದನೇ ನಂಬರಿನ ಅಭಿಮಾನಿ. ಫೋಟೋ ಒಳ್ಳೇ ಜಾಗದಲ್ಲಿ ಹಾಕ್ತೀವಿ" ಅಂದರು.

"ಬ್ಯಾರೆಯೋರು ಸಿನಿಮಾದೋರ ಹಿಂದೆ ಓಡೋಗಿ ಆಟೋಗ್ರಾಫ್ ಕೇಳ್ತಾರೆ," ಎಂದು ಬೀರಯ್ಯ ಅರಳಿಕಟ್ಟೆಯಲ್ಲಿ ಹೇಳಿಕೊಂಡಿದ್ದ. "ನನ್ನ ಆಟೋಗ್ರಾಫ್ನ ಅವ್ರೇ ಬಂದು ಕೇಳಿ ಇಸ್ಕಂಡೋದ್ರು. ಒಂದಲ್ಲ, ಒಂದ್ ಕಟ್ಟು."

ಫೋಟೋ ಮಾತ್ರ ಪಾರ್ಕಿನಲ್ಲಿ ಎಲ್ಲೂ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಗೇಟಿನಲ್ಲಿ ಇಲ್ಲ, ಟಿಕೆಟ್ ಕೌಂಟರಿನಲ್ಲಿ ಇಲ್ಲ, ಹುಲಿಯ ಹಿಂದೆಯೂ ಇಲ್ಲ. ಅಷ್ಟು ಒಳ್ಳೆಯ ಜಾಗದಲ್ಲಿ ಹಾಕಿದ್ದಾರೆ ಎಂದು ಅವನು ಸಮಾಧಾನ ಮಾಡಿಕೊಂಡಿದ್ದ.

ಆವತ್ತು ಬೆಳಿಗ್ಗೆ ಅವನ ಮನೆಯಲ್ಲಿ ಹುಳ ಹಣ್ಣಾಗಿದ್ದವು. ಸೊಪ್ಪು ತಿಂದೂ ತಿಂದೂ ದಪ್ಪಗಾದ ರೇಷ್ಮೆಹುಳ ಒಂದು ದಿನ ಸೊಪ್ಪು ಬಿಟ್ಟು, ಜೇನಿನ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಅದನ್ನು ಆಯ್ದು ಚಂದ್ರಂಕಿಗೆ ಬಿಡಬೇಕು. ಚಂದ್ರಂಕಿ ಎಂದರೆ ಬಿದಿರಿನ ಅಗಲವಾದ ಚಾಪೆ, ಮೇಲೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ ಕೂರಿಸಿರುತ್ತಾರೆ. ಎಲ್ಲರ ಮನೆಯಲ್ಲೂ ಅದು ಇರುವುದಿಲ್ಲ. ನಾಲ್ಕು ದಿನಕ್ಕೆ ಬಾಡಿಗೆಗೆ ತರುತ್ತಾರೆ. ಹೊತ್ತಿಗೆ ಸರಿಯಾಗಿ ಚಂದ್ರಂಕಿ ಸಿಗದಿದ್ದರೆ ಹುಳ ತಟ್ಟೆಯ ಅಂಚಿಗೆ, ಗೋಡೆಗೆ, ಸಿಕ್ಕಿದಲ್ಲಿ ನೂಲು ಸುತ್ತಿ ಬೆಳೆಯೇ ಹಾಳು. ಒಂದು ತಿಂಗಳು ನಿದ್ದೆಗೆಟ್ಟು ಸೊಪ್ಪು ಹಾಕಿದ್ದು ಗಾಳಿಗೆ ಹೋಗುತ್ತದೆ. ನಿದ್ದೆಗೆಟ್ಟಿದ್ದವಳು ಬೀರಯ್ಯನ ಹೆಂಡತಿ ಲಕ್ಷ್ಮಿದೇವಮ್ಮ.

ಅವಳು ಬಾಗಿಲಲ್ಲಿ ನಿಂತು ಹೇಳಿದಳು: "ಚನ್ನಪಟ್ಣಕ್ಕೋಗಿ ಚಂದ್ರಂಕಿ ಹಾಕಂಡು ಹಂಗೇ ತಿರುಗಿ ಮನೆಗೆ. ಮದ್ಯಾನದೊಳ್ಗೆ ಬರ್ಬೇಕು. ದಾರೀಲಿ ಆ ನಿಮ್ ಪಾರ್ಕು ಕಂಡ್ರೆ ಕಣ್ ಮುಚ್ಕಳಿ."

"ನಾನೇನ್ ಚಿಕ್ ಹುಡ್ಗನಾ?"

"ಅಲ್ಲ. ಚಿಕ್ ಹುಡುಗ್ರು ಹೇಳಿದ್ ಮಾತು ಕೇಳ್ತವೆ."

ಟೆಂಪೋ ಅಂಕಯ್ಯನದು. ಅವನು ತನ್ನ ಟೆಂಪೋದ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ತಿರುಗುವ ಮನುಷ್ಯ, ಮಲಗುವಾಗಲೂ ಬಿಚ್ಚುತ್ತಿರಲಿಲ್ಲ. ಚನ್ನಪಟ್ಟಣಕ್ಕೆ ಟೆಂಪೋ ಹೋಗುತ್ತದೆಂದು ತಿಳಿದ ಕೂಡಲೇ ಪಕ್ಕದ ಮನೆಯ ಮಾರಕ್ಕ ಮೊಮ್ಮಗುವಿಗೆ ಬೊಂಬೆ ತರುವ ನೆಪ ಮಾಡಿಕೊಂಡು ಹತ್ತಿದಳು. ಎದುರು ಮನೆಯ ದೊಡ್ಡಹನುಮಯ್ಯ ಕನ್ನಡಕಕ್ಕೆ ಹೊಸ ಗಾಜು ಹಾಕಿಸಬೇಕೆಂದು ಹತ್ತಿದ. ಊರಿನ ಯಾವ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಈ ಇಬ್ಬರಿಗೆ ಆ ಮನೆಯವರಿಗಿಂತ ಮೊದಲೇ ಗೊತ್ತಾಗುತ್ತಿತ್ತು.

ಚನ್ನಪಟ್ಟಣದಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು. ಬಾಡಿಗೆಯವನು ಚಂದ್ರಂಕಿಗಳನ್ನು ಟೆಂಪೋಗೆ ಪೇರಿಸಿ, ಸೀಮೆಸುಣ್ಣ ಹಿಡಿದು, "ಯಾರ ಹೆಸ್ರು ಹಾಕನ?" ಎಂದು ಕೇಳಿದ.

"ಬೀರಯ್ಯ. ಒಸಿ ದಪ್ಪಕ್ಕೆ ಹಾಕಿ. ಓದೋಕೆ ಚೆನ್ನಾಗಿರ್ಲಿ."

ಬಾಡಿಗೆಯವನು ಮೇಲಿನ ಚಂದ್ರಂಕಿಯ ಉದ್ದಕ್ಕೂ ಬೀರಯ್ಯ ಎಂದು ಬರೆದ. ಬೀರಯ್ಯ ದೂರ ಹೋಗಿ ನಿಂತು ನೋಡಿ ತೃಪ್ತಿಪಟ್ಟ.

ತಿರುಗಿ ಬರುವಾಗ ಹೆದ್ದಾರಿಯ ಎಡಕ್ಕೆ ಜೈಂಟ್ ವೀಲಿನ ತಲೆ ಕಂಡಿತು. ಬೀರಯ್ಯ ಕಣ್ಣು ಮುಚ್ಚಿಕೊಳ್ಳಲಿಲ್ಲ. ಟೋಪಿ ಸರಿಮಾಡಿಕೊಂಡ. ಮಾರಕ್ಕ ಅದನ್ನೇ ಕಾಯುತ್ತಿದ್ದಳು.

"ಅದೇ ಏನಪ್ಪಾ ನಿನ್ ಪಾರ್ಕು? ಗೇಟ್ನೋನು ನಿಂಗೆ ಸಲಾಮ್ ಹೊಡೀತಾನೆ ಅಂತಿದ್ದಲ್ಲ?"

"ಹೊಡೀತಾನೆ."

"ಹೂಂ, ಹೊಡೀತಾನೆ," ಎಂದ ದೊಡ್ಡಹನುಮಯ್ಯ, ಹೊಸ ಗಾಜಿನೊಳಗಿಂದ ಅವನನ್ನು ನೋಡುತ್ತಾ. "ನಂಗೂ ದೆಲ್ಲೀಲಿ ಹೊಡೀತಾರೆ. ಯಾರೂ ನೋಡಿಲ್ಲ ಅಷ್ಟೇಯ."

"ಓನರ್ ನಂಗೆ ಖಾಸಾ ಕಣಣ್ಣ!"

"ಖಾಸಾನೋ, ಖಾಲೀನೋ? ಎಲ್ಡು ವರ್ಸದಿಂದ ಕೇಳಿ ಕೇಳಿ ಕಿವಿ ತೂತಾಗೈತೆ."

ಬೀರಯ್ಯನ ಮುಖ ಟೋಪಿಯ ಬಣ್ಣಕ್ಕೆ ತಿರುಗಿತು. ಹುಳ ನೆನಪಾಯಿತು, ಹೆಂಡತಿ ನೆನಪಾದಳು. ಆದರೆ ಜಂಭದ ಮನುಷ್ಯನಿಗೆ ಅಣಕಿಸುವವರ ಮುಂದೆ ಹೆಂಡತಿಯ ನೆನಪು ಬಹಳ ಹೊತ್ತು ನಿಲ್ಲುವುದಿಲ್ಲ.

"ಅಂಕಯ್ಯಾ, ತಿರುಗ್ಸ್ಲಾ ಒಳಕ್ಕೆ. ಹತ್ತೇ ನಿಮಿಸ."

ಗೇಟು ಹಾರುಹೊಡೆದಿತ್ತು. ಸಲಾಮು ಹೊಡೆಯಲು ಅಲ್ಲಿ ಯಾರೂ ಇರಲಿಲ್ಲ. ಟಿಕೆಟ್ ಕೌಂಟರಿನಲ್ಲಿ ಒಂದು ಬೆಕ್ಕು ಮಲಗಿತ್ತು.

"ನೋಡಿದ್ರಾ?" ಎಂದ ಬೀರಯ್ಯ. "ನನ್ ಟೋಪಿ ಕಂಡಿದ್ದೇ ತಡ, ಗೇಟ್ ತೆಗ್ದು ದೂರ ಸರ್ದವ್ರೆ. ಮರ್ಯಾದೆ ಅಂದ್ರೆ ಇದು."

ಒಳಗೆ ಜನವೇ ಇರಲಿಲ್ಲ. ಪಾರ್ಕಿನ ಅಭಿಮಾನಿಗೆ ಅದೂ ಅನುಮಾನ ತರಿಸಲಿಲ್ಲ. ನಮ್ಮ ಅನುಕೂಲಕ್ಕೆ ಬೇರೆಯವರನ್ನು ಬಿಟ್ಟಿಲ್ಲ ಎಂದ. ಜೈಂಟ್ ವೀಲಿನ ಹತ್ತಿರ ಒಬ್ಬ ಮಾತ್ರ ಸ್ಟೂಲಿನ ಮೇಲೆ ಆಕಳಿಸುತ್ತಾ ಕೂತಿದ್ದ. ಪಾಸು ತೋರಿಸಿದ್ದಕ್ಕೆ ಅವನು ಅದನ್ನು ನೋಡದೆಯೇ, "ಹತ್ತಿ ಹತ್ತಿ, ನಂಗೂ ಹೊತ್ತು ಹೋಗಾಕಿಲ್ಲ" ಅಂದ. ಮಾರಕ್ಕ, ದೊಡ್ಡಹನುಮಯ್ಯ, ಅಂಕಯ್ಯ ಮೂವರೂ ಒಂದೇ ತೊಟ್ಟಿಲಲ್ಲಿ ಕೂತರು. ಬೀರಯ್ಯ ಕೆಳಗೇ ನಿಂತ. ಹತ್ತುವವರಿಗೆ ವಿವರಣೆ ಕೊಡಲು ಒಬ್ಬ ಬೇಕಲ್ಲ.

"ಮೇಲೋದಾಗ ಬಲಗಡೆ ನೋಡಿ, ರಾಮನಗರದ ಬೆಟ್ಟ! ಎಡಗಡೆ ತೆಂಗಿನ್ ತೋಟ! ಹೊಟ್ಟೇಲಿ ಕಚಗುಳಿ ಆಯ್ತದೆ, ಹೆದರ್ಕೋಬ್ಯಾಡಿ!"

ಚಕ್ರ ಒಂದು ಸುತ್ತು ಬಂತು. ಎರಡನೆಯ ಸುತ್ತಿನಲ್ಲಿ ತೊಟ್ಟಿಲು ನೆತ್ತಿಗೆ ಹೋದಾಗ, ಗಡಕ್ ಎಂದು ನಿಂತಿತು. ಮೈಕಿನ ಹಾಡು ನಿಂತಿತು. ಕೊಳದ ಕಾರಂಜಿ ಮುದುಕನ ಉಗುಳಿನಂತೆ ಸೊರಗಿ ಬಿತ್ತು.

"ಕರೆಂಟ್ ಕಿತ್ಬುಟ್ರು," ಎಂದ ವೀಲಿನವನು, ಸ್ಟೂಲಿನಿಂದ ಏಳದೆ. "ಕರೆಂಟ್ ಆಫೀಸ್ನೋರು ಬೆಳಗ್ಗೇನೇ ಬತ್ತೀವಿ ಅಂದಿದ್ರು. ಈಗ ಬಂದವ್ರೆ."

"ಬೀರಯ್ಯೋ!" ಮೇಲಿಂದ ಮಾರಕ್ಕನ ಕೂಗು ಬಂತು. "ಇಳ್ಸೋ! ಇದೇನ್ ತೊಟ್ಲೋ ಇಲ್ಲ ಚಟ್ಟಾನೋ!"

"ಲೇ ಬೀರಾ! ಬೀಗದ ಕೈ ನನ್ ಸೊಂಟದಲ್ಲೈತೆ ಕಣ್ಲಾ! ನಿನ್ ಚಂದ್ರಂಕಿ ಇವತ್ತು ಮನೆಗೋಗಾಕಿಲ್ಲ!" ಇದು ಅಂಕಯ್ಯ.

ಆಗ ಬೀರಯ್ಯನ ಹೊಟ್ಟೆಯಲ್ಲಿ ಕಚಗುಳಿಯಾಯಿತು. ಚಂದ್ರಂಕಿ ಟೆಂಪೋದಲ್ಲಿ, ಟೆಂಪೋದ ಬೀಗ ಅಂಕಯ್ಯನ ಉಡಿದಾರದಲ್ಲಿ, ಅಂಕಯ್ಯ ಆಕಾಶದಲ್ಲಿ. ಮನೆಯಲ್ಲಿ ಹುಳ ತಲೆಯೆತ್ತಿ ನೋಡುತ್ತಿವೆ. ಅವುಗಳ ಪಕ್ಕದಲ್ಲಿ ಲಕ್ಷ್ಮಿದೇವಮ್ಮನೂ ತಲೆಯೆತ್ತಿ ನೋಡುತ್ತಿದ್ದಾಳೆ.

"ಕೈಯಲ್ಲೇ ತಿರುಗ್ಸಿ ಇಳಿಸ್ರಪ್ಪಾ!"

"ಅದ್ಕೆ ಹ್ಯಾಂಡ್ಲು ಬೇಕು. ವೀಲು ಕೊಯಮತ್ತೂರ್ ಪಾರ್ಟಿದು. ನಾನು ಅವ್ರ ಕಡೆ ಮನ್ಸ. ಹ್ಯಾಂಡ್ಲು ರಿಪೇರಿ ಕಂಟ್ರಾಕ್ಟ್ನೋರ್ದು, ಅವ್ರು ಮೈಸೂರಲ್ಲವ್ರೆ. ಅಲ್ಲಿ ಜನರೇಟ್ರು ಐತೆ, ಅದ್ನ ಹಾಕ್ಸಿ. ಆದ್ರೆ ಅದು ನಮ್ದಲ್ಲ."

ಜನರೇಟರು ಮಾಗಡಿಯ ಬಸವಯ್ಯನದು. ಮದುವೆಗೆ ಶಾಮಿಯಾನ, ಪಾತ್ರೆ, ಜನರೇಟರು ಬಾಡಿಗೆಗೆ ಕೊಡುವವನು. ಅವನು ಅದನ್ನು ಟ್ರ್ಯಾಕ್ಟರಿಗೆ ಸಿಕ್ಕಿಸಿ ಎಳೆದುಕೊಂಡು ಹೋಗುವ ಅವಸರದಲ್ಲಿದ್ದ.

"ಬಸವಯ್ಯನೋರೇ, ಐದ್ ನಿಮಿಸ ಹಾಕ್ಸಿ. ನಮ್ಮೋರು ಮೇಲೆ ನೇತಾಡ್ತಾವ್ರೆ!"

"ಓನರ್ ಹೇಳ್ಲಿ, ಹಾಕ್ತೀನಿ. ನಾಳೆ ನನ್ನ ಯಾರಾನ ಕೇಳಿದ್ರೆ? ಓನರ್ ಬಾಯಿಂದ ಒಂದ್ ಮಾತು ಬಂದ್ರೆ ಸಾಕು."

"ಓನರ್ ಎಲ್ಲವ್ರೆ?"

"ಆಹಾ! ನೀನು ಟೋಪಿ ಹಾಕಂಡಿರೋನು, ನಿನ್ನ ನಾನು ಕೇಳ್ಬೇಕು."

ಬೀರಯ್ಯ ಬಜ್ಜಿ ಅಂಗಡಿಗೆ ಓಡಿದ. ಅಂಗಡಿಯ ಫಿರೋಜಾ ಬಾಣಲೆಯ ಎಣ್ಣೆಯನ್ನು ಡಬ್ಬಕ್ಕೆ ಬಗ್ಗಿಸುತ್ತಿದ್ದಳು. ಸ್ಟವ್ವು, ಬಾಣಲೆ, ಜಾಲರಿ ಎಲ್ಲವನ್ನೂ ಆಗಲೇ ಗೋಣಿಗೆ ತುಂಬಿದ್ದಳು. ಕಾಲ ಕೆಟ್ಟದ್ದು ಮೊದಲು ತಿಳಿಯುವುದು ಬಜ್ಜಿ ಅಂಗಡಿಯವರಿಗೆ.

"ಓನರ್ರಾ?" ಎಂದು ನಕ್ಕಳು. "ನಾನು ಎರಡು ವರ್ಷದಿಂದ ಇಲ್ಲೇ ಇದೀನಿ ಭಾಯ್, ಒಂದು ದಿನ ಮುಖ ನೋಡಿಲ್ಲ. ಬಾಡಿಗೆ ಈಸ್ಕೊಳ್ಳೋರು ಒಬ್ರು, ಬೈಯೋರು ಒಬ್ರು, ಪುಕ್ಕಟೆ ಬಜ್ಜಿ ತಿನ್ನೋರು ಒಬ್ರು. ಓನರ್ ಯಾರು ಅಂದ್ರೆ ಎಲ್ರೂ ಆಕಾಶ ತೋರಿಸ್ತಾರೆ. ಆಫೀಸಲ್ಲಿ ಫೋಟೋ ಇದೆಯಂತೆ, ದಿನಾ ಊದಿನಕಡ್ಡಿ ಹಚ್ತಾರಂತೆ. ಅಲ್ಲಿ ಹೋಗಿ ಕೇಳಿ."

ಬೀರಯ್ಯನಿಗೆ ಮೊದಲ ಸಲ ಒಂದು ಸಣ್ಣ ಅನುಮಾನ ಬಂತು. ಇಷ್ಟು ದಿನ ಅವನು ಪ್ರೀತಿಸಿದ ಪಾರ್ಕಿನಲ್ಲಿ ಚಕ್ರ ಒಬ್ಬರದು, ಚಕ್ರ ತಿರುಗಿಸುವ ಹ್ಯಾಂಡಲ್ಲು ಇನ್ನೊಬ್ಬರದು, ಬೆಳಕು ಮಾಗಡಿಯವರದು. ಕಿರುಚುವುದು ಮಾತ್ರ ಸಾರ್ವಜನಿಕರದು. ಈಗಲೂ ಅದೊಂದೇ ನಡೆಯುತ್ತಿತ್ತು.

"ಬೀರಯ್ಯೋ, ನನ್ ಕನ್ನಡ್ಕ ಬಿತ್ತಲ್ಲೋ!" ದೊಡ್ಡಹನುಮಯ್ಯ ಕೂಗಿದ. ಹೊಸ ಗಾಜಿನ ಕನ್ನಡಕ ಮೇಲಿಂದ ಬಂದು ಒಂಟೆಯ ಮುಂದಿನ ಒಣಹುಲ್ಲಿನ ಮೇಲೆ ಬಿತ್ತು. ಒಂಟೆ ಅದನ್ನು ಮೂಸಿ ನೋಡಿ, ಹುಲ್ಲಿನ ಜೊತೆಯಲ್ಲೇ ಬಾಯಿಗೆ ಹಾಕಿಕೊಂಡಿತು.

"ಸಿಕ್ತಾ?"

"ಇಲ್ಲೇ ಐತೆ ಕಣಣ್ಣ, ಭದ್ರವಾಗೈತೆ!" ಎಂದು ಹೇಳಿ ಬೀರಯ್ಯ ಆಫೀಸಿಗೆ ಓಡಿದ.

ಆಫೀಸಿನ ಬಾಗಿಲಲ್ಲಿ ಒಬ್ಬ ಪೊಲೀಸು ನಿಂತಿದ್ದ. ಒಳಗೆ ಕೋರ್ಟಿನ ಅಮೀನರು ಮೇಜಿನ ಮೇಲೆ ಮೇಣದಬತ್ತಿ ಹಚ್ಚಿ ಅರಗಿನ ಕಡ್ಡಿ ಕಾಯಿಸುತ್ತಿದ್ದರು. ಚನ್ನಪಟ್ಟಣದಲ್ಲಿ ಅರಗು ಬೊಂಬೆಗೆ ಬಣ್ಣವಾಗುತ್ತದೆ, ಅಮೀನರ ಕೈಯಲ್ಲಿ ಬಾಗಿಲಿಗೆ ಬೀಗವಾಗುತ್ತದೆ. ಅವರು ಬಹಳ ಬೇಸತ್ತಿದ್ದರು.

"ಸ್ವಾಮಿ, ಓನರ್ ಎಲ್ಲವ್ರೆ?" ಎಂದ ಬೀರಯ್ಯ.

"ಬಾರಯ್ಯ, ಕೂತ್ಕೋ," ಎಂದರು ಅಮೀನರು. "ನಾನೂ ಬೆಳಗ್ಗೆಯಿಂದ ಅವನನ್ನೇ ಹುಡುಕ್ತಾ ಇದೀನಿ. ಪಾರ್ಕಿಗೆ ಸೀಲ್ ಹಾಕೋ ಆರ್ಡರ್ ಇದೆ. ಕೆಲಸದವರಿಗೆ ಕೊಟ್ಟಿಲ್ಲ, ಕರೆಂಟಿಗೆ ಕಟ್ಟಿಲ್ಲ. ನಿನಗೂ ಏನಾದ್ರೂ ಮೋಸ ಮಾಡಿದ್ನಾ?"

ತನ್ನಂಥವನೇ ಇನ್ನೊಬ್ಬ ಸಿಕ್ಕಿದನೆಂದು ಬೀರಯ್ಯನಿಗೆ ಅಳು ಬಂತು. "ಮೋಸ ಅಂದ್ರೆ ಮೋಸಾನಾ ಸ್ವಾಮಿ! ಮನೇಲಿ ಹುಳ ಹಣ್ಣಾಗವೆ. ಚಂದ್ರಂಕಿ ಇಲ್ ನಿಂತೈತೆ. ಡ್ರೈವರ್ನ ಮೇಲೆ ಕಟ್ಟಾಕ್ದಂಗಾಗೈತೆ. ಇಷ್ಟ್ ದೊಡ್ ಪಾರ್ಕು ಕಟ್ಬುಟ್ಟು ಓಡೋಗವ್ನಲ್ಲ, ಅವ್ನೇನ್ ಮನ್ಸನಾ? ಮನೆಹಾಳ! ಕೈಗ್ ಸಿಕ್ಲಿ ಸ್ವಾಮಿ, ಬುಡ್ಬ್ಯಾಡಿ ಅವ್ನ!"

"ಬಿಡಲ್ಲ," ಎಂದು ಅಮೀನರು ಮಾತು ಕೊಟ್ಟರು. "ಸಿಕ್ಕಿದ್ರೆ ತಾನೇ? ವಿಳಾಸ ನೋಡಿದ್ರೆ ಈ ಆಫೀಸೇ ಕೊಟ್ಟವ್ನೆ. ಇರೋದೊಂದು ಈ ಫೋಟೋ."

ಅವರು ತಲೆಯ ಹಿಂದಿನ ಗೋಡೆ ತೋರಿಸಿದರು. ಬೀರಯ್ಯ ನೋಡಿದ. ದೊಡ್ಡ ಕಟ್ಟು ಹಾಕಿಸಿದ ಫೋಟೋ. ಗಂಧದ ಹಾರ. ಕೆಳಗೆ ಊದಿನಕಡ್ಡಿಯ ಬೂದಿ. ಕೋಟು, ಟೈ. ಕೋಟು ಭುಜದ ಹತ್ತಿರ ಒಸಿ ದೊಡ್ಡದಾಗಿತ್ತು, ಸ್ಟುಡಿಯೋದವರ ಕೋಟು ಎಲ್ಲರಿಗೂ ಹಾಗೇ ಇರುತ್ತದೆ.

ಬಾಗಿಲಲ್ಲಿದ್ದ ಪೊಲೀಸು ನಿಧಾನವಾಗಿ ಒಳಗೆ ಬಂದ. ಬೀರಯ್ಯನ ತಲೆಯ ಮೇಲಿಂದ ಕೆಂಪು ಟೋಪಿ ತೆಗೆದ. ಫೋಟೋ ನೋಡಿದ, ಮುಖ ನೋಡಿದ, ಮತ್ತೆ ಫೋಟೋ ನೋಡಿದ.

"ಸಾರ್," ಎಂದ. "ಚೇರ್ಮನ್ನು."

ಫೋಟೋದ ಕೆಳಗೆ ಬಂಗಾರದ ಅಕ್ಷರದಲ್ಲಿ ಅದೇ ಬರೆದಿತ್ತು: ಶ್ರೀ ಬೀರಯ್ಯನವರು, ಚೇರ್ಮನ್, ಇಂದ್ರಪುರಿ.

ಅಮೀನರಿಗೆ ಸಿಟ್ಟು ಬರಲಿಲ್ಲ. ಇಂಥವನ್ನು ಅವರು ಬೇಕಾದಷ್ಟು ನೋಡಿದ್ದರು. ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದರು. ಜಮೀನು ಯಾರದ್ದೋ, ಭೋಗ್ಯಕ್ಕೆ ಹಾಕಿಕೊಂಡದ್ದು. ಆಟದ ಸಾಮಾನು ಬಾಡಿಗೆಯದು. ಗೇಟಿನಲ್ಲಿ ಬಿದ್ದ ದುಡ್ಡು ದಿನಾ ಸಂಜೆ ಬೆಂಗಳೂರಿನ ಬೇರೆ ಕಂಪನಿಗೆ. ಇಂದ್ರಪುರಿ ಎನ್ನುವ ಹೆಸರಿದೆಯಲ್ಲ, ಆ ಹೆಸರಿನ ಕಂಪನಿ ಮಾತ್ರ ಬೀರಯ್ಯನದು. ಲಾಭ ಬರುವ ದಾರಿಯಲ್ಲೆಲ್ಲ ಅವರು, ನಷ್ಟ ಬರುವ ಬಾಗಿಲಲ್ಲಿ ಇವನು.

"ಏನೇನಕ್ಕೋ ಸೈನ್ ಹಾಕಿದ್ದೀಯಲ್ಲಯ್ಯ, ಅದೇನು ಅಂತ ತಿಳ್ಕೊಂಡಿದ್ದೆ?"

"ಆಟೋಗ್ರಾಫು ಅನ್ಕಂಡಿದ್ದೆ ಸ್ವಾಮಿ."

ಬುದ್ಧಿ ಇದ್ದವನಿಗೆ ಆ ಗಳಿಗೆಯಲ್ಲಿ ಹೆದರಿಕೆಯಾಗುತ್ತಿತ್ತು. ಬೀರಯ್ಯನಿಗೆ ಆದದ್ದು ಬೇರೆ. ಅವನು ಫೋಟೋ ನೋಡುತ್ತಾ ನಿಂತ. ಎರಡು ವರ್ಷ ಹುಲಿಯ ಹಿಂದೆಲ್ಲ ಹುಡುಕಿದ ಫೋಟೋ ನಿಜವಾಗಿ ಒಳ್ಳೆಯ ಜಾಗದಲ್ಲೇ ಇತ್ತು. ಎದೆ ತಾನಾಗಿ ಮುಂದೆ ಬಂತು. ಕಿಟಕಿಯ ಹತ್ತಿರ ಹೋಗಿ, ಇಡೀ ಪಾರ್ಕು ಕೇಳುವಂತೆ ಕೂಗಿದ:

"ಬಸವಯ್ಯಾ! ಜನರೇಟ್ರು ಹಾಕ್ಲಾ! ಓನರ್ ಹೇಳ್ತಾವ್ನೆ!"

ಜನರೇಟರು ಗುಡುಗಿತು. ಚಕ್ರ ನರಳಿ ತಿರುಗಿತು. ಅದು ಅವನು ಚೇರ್ಮನ್ನಾಗಿ ಕೊಟ್ಟ ಮೊದಲನೆಯ ಮತ್ತು ಕೊನೆಯ ಆರ್ಡರು. ಅಮೀನರು ಪೊಲೀಸಿನವನ ಕಡೆ ನೋಡಿ, "ಇಷ್ಟು ಸಾಕು. ತಾನೇ ಒಪ್ಪಿಕೊಂಡ" ಅಂದರು.

ಮೂವರು ಕೆಳಗೆ ಇಳಿದಾಗ ಮಾರಕ್ಕನ ತುರುಬು ಬಿಚ್ಚಿಹೋಗಿತ್ತು. ದೊಡ್ಡಹನುಮಯ್ಯ ಕನ್ನಡಕವಿಲ್ಲದೆ ಸಿಮೆಂಟಿನ ಹುಲಿಗೆ ಕೈಮುಗಿದು, "ಸಾಹೇಬ್ರೇ, ನಮ್ಮನ್ನ ಬುಟ್ಬುಡಿ" ಎಂದ. ಅಮೀನರು ಅವನನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಮೂವರನ್ನೂ ಆಫೀಸಿಗೆ ಕರೆಸಿ ಕೇಳಿದರು:

"ಈ ಪಾರ್ಕು ಇವನದು ಅಂತ ನಿಮ್ಮೂರಲ್ಲಿ ಯಾರಿಗಾದ್ರೂ ಗೊತ್ತಿತ್ತೇ?"

ಬೀರಯ್ಯ ಕಣ್ಣಲ್ಲೇ ಬೇಡಿಕೊಂಡ. ಆದರೆ ಇಷ್ಟು ಹೊತ್ತು ಆಕಾಶದಲ್ಲಿ ನೇತಾಡಿದವರಿಗೆ ಕರುಣೆ ಇರುವುದಿಲ್ಲ.

"ಊರಿಗೆಲ್ಲ ಗೊತ್ತು ಸ್ವಾಮಿ!" ಎಂದಳು ಮಾರಕ್ಕ. "ಎದ್ರೆ ನಮ್ ಪಾರ್ಕು, ಕೂತ್ರೆ ನಮ್ ಪಾರ್ಕು. ನನ್ ಮೊಮ್ಮಗೀಗೆ ಜ್ವರ ಬಂದ್ರೂ ಬುಡ್ಲಿಲ್ಲ. ಎಲ್ಲಿ ಬೇಕೋ ಅಲ್ಲಿ ಹೆಬ್ಬೆಟ್ಟು ಒತ್ತೀನಿ, ತನ್ನಿ."

ಒತ್ತಿದಳು. ದೊಡ್ಡಹನುಮಯ್ಯನೂ ಒತ್ತಿದ, ಕನ್ನಡಕವಿಲ್ಲದ್ದರಿಂದ ಮೊದಲು ಮೇಜಿನ ಮೇಲೆ, ಆಮೇಲೆ ಕಾಗದದ ಮೇಲೆ.

ಸೀಲು ಹಾಕುತ್ತಾರೆ ಎಂಬ ಮಾತು ಹೊರಗೆ ಬಿದ್ದ ಕೂಡಲೇ, ಬೆಳಿಗ್ಗೆಯಿಂದ ಒಬ್ಬ ಓನರೂ ಇಲ್ಲದಿದ್ದ ಪಾರ್ಕಿನಲ್ಲಿ ಎಲ್ಲಿ ನೋಡಿದರೂ ಓನರುಗಳು ಹುಟ್ಟಿಕೊಂಡರು. ವೀಲು ನಮ್ಮದು ಎಂದ ಸ್ಟೂಲಿನವನು. ಸ್ಟೂಲೂ ನಮ್ಮದು ಎಂದ. ಜನರೇಟರು ನಂದು ಎಂದು ಬಸವಯ್ಯ ಟ್ರ್ಯಾಕ್ಟರು ಹತ್ತಿದ. ಫಿರೋಜಾ ಗೋಣಿ ಹೊತ್ತು ಆಗಲೇ ಗೇಟು ದಾಟಿದ್ದಳು. ಬಾತುಕೋಳಿ ದೋಣಿಗಳಿಗೆ ಶ್ರೀರಂಗಪಟ್ಟಣದಿಂದ, ಕುರ್ಚಿಗಳಿಗೆ ಕನಕಪುರದಿಂದ ವಾರಸುದಾರರು ಬಂದರು. ಕೌಂಟರಿನ ಬೆಕ್ಕನ್ನೂ ಯಾರೋ ಎತ್ತಿಕೊಂಡು ಹೋದರು.

"ಟೆಂಪೋ ನಂದು!" ಎಂದು ಅಂಕಯ್ಯ ಉಡಿದಾರದ ಬೀಗದ ಕೈ ಎತ್ತಿ ತೋರಿಸಿದ.

"ಟೆಂಪೋ ಹೋಗ್ಲಿ," ಎಂದರು ಅಮೀನರು. ಹಿಂದೆ ಬಂದು ನೋಡಿದರು. "ಇದೇನು? ಇದರ ಮೇಲೆ ಬೀರಯ್ಯ ಅಂತ ಇಷ್ಟು ದಪ್ಪಕ್ಕೆ ಬರೆದಿದೆ?"

"ಅದು ಚಂದ್ರಂಕಿ ಸ್ವಾಮಿ! ಬಾಡ್ಗೆದು ಸ್ವಾಮಿ! ನನ್ನದಲ್ಲ!"

"ಇಲ್ಲಿ ಎಲ್ಲರದ್ದೂ ಬಾಡಿಗೆಯದೇ ಕಣಯ್ಯ. ಆದರೆ ಬೇರೆ ಯಾರೂ ಹೆಸರು ಬರೆಸಿಕೊಂಡಿಲ್ಲ. ಇಳಿಸ್ರೀ."

"ಸ್ವಾಮಿ, ನಿಮ್ ಕಾಲಿಗ್ ಬೀಳ್ತೀನಿ. ಹುಳ ಕಾಯ್ತಾವೆ. ನಾಳಿಕ್ ನನ್ ಹೆಂಡ್ತಿ..."

"ನಾಳಿದ್ದು ಕೋರ್ಟಿಗೆ ಬಂದು ಬಾಡಿಗೆದು ಅಂತ ಅರ್ಜಿ ಕೊಡು. ಬಿಟ್ಟುಕೊಡ್ತಾರೆ."

ಹುಳ ನಾಳಿದ್ದಿನ ತನಕ ಕಾಯುವುದಿಲ್ಲ ಎಂದು ಕೋರ್ಟಿಗೆ ಹೇಳುವವರು ಯಾರು? ಚಂದ್ರಂಕಿಗಳು ಜೈಂಟ್ ವೀಲಿನ ಕೆಳಗೆ ಇಳಿದವು. ಅಂಕಯ್ಯ ಇಬ್ಬರನ್ನೂ ಹತ್ತಿಸಿಕೊಂಡು, "ನೀನು ನಿನ್ ಪಾರ್ಕಲ್ಲೇ ಇರ್ಲಾ, ಚೇರ್ಮನ್ನು!" ಎಂದು ಧೂಳೆಬ್ಬಿಸಿ ಹೊರಟ. ಅಮೀನರು ಗೇಟಿಗೆ ಸರಪಳಿ ಹಾಕಿ ಅರಗು ಒತ್ತುವಷ್ಟರಲ್ಲಿ ಒಳಗಿಂದ ಒಂದು ಗೊಗ್ಗರು ದನಿ ಕೇಳಿತು.

ಒಂಟೆ. ಅದನ್ನು ಯಾರೂ ತಮ್ಮದು ಎಂದಿರಲಿಲ್ಲ.

"ಜೀವ ಇರೋದನ್ನ ಒಳಗೆ ಹಾಕಿ ಸೀಲ್ ಮಾಡಂಗಿಲ್ಲ," ಎಂದರು ಅಮೀನರು. "ಕೋರ್ಟು ಕೇಳೋ ತನಕ ಓನರೇ ಸಾಕಬೇಕು. ಹಿಡ್ಕೋ ಹಗ್ಗ. ಸೊರಗಿಸಬೇಡ, ಲೆಕ್ಕ ಕೊಡಬೇಕಾಗ್ತದೆ."

ಕುರಿ ಕಾಯುವ ಮನೆಯಲ್ಲಿ ಹುಟ್ಟಿದವನು ಬೀರಯ್ಯ. ಆದರೆ ಕುರಿ ಕರೆದ ಕಡೆ ಬರುತ್ತದೆ. ಒಂಟೆ ಹೋದ ಕಡೆ ನಾವು ಹೋಗಬೇಕು. ರಾಮನಗರದ ಪೇಟೆಯಲ್ಲಿ ಗೂಡಿನ ಮಾರ್ಕೆಟ್ಟಿನ ಜನವೆಲ್ಲ ಹೊರಗೆ ಬಂದು ನಿಂತರು. "ಏನ್ ಬೀರಯ್ಯ, ಈ ಬೆಳೆ ಗೂಡು ಒಂಟೆ ಮೇಲ್ ತರ್ತಿಯಾ?" ಎಂದರು ಕೆಲವರು. ಅವನು ಪೊಲೀಸಿನವನು ವಾಪಸ್ಸು ಕೊಟ್ಟಿದ್ದ ಟೋಪಿಯನ್ನು ಕಣ್ಣಿನ ತನಕ ಇಳಿಸಿಕೊಂಡು ಮಾಗಡಿ ರಸ್ತೆ ಹಿಡಿದ.

ಹೊತ್ತು ಇಳಿಯುವಾಗ ಊರು ಸೇರಿದ. ಅಂಕಯ್ಯನ ಟೆಂಪೋ ಎಷ್ಟೋ ಹೊತ್ತಿಗೆ ಮುಂಚೆ ಬಂದಿತ್ತು. ಹೇಳಬೇಕಾದದ್ದನ್ನೆಲ್ಲ ಮಾರಕ್ಕ ಹೇಳಿ ಮುಗಿಸಿ, ಮತ್ತೊಂದು ಸಲ ಹೇಳಲು ಗೋಡೆಯ ಹತ್ತಿರ ಕಾದಿದ್ದಳು. ಬೀರಯ್ಯ ಒಂಟೆಯನ್ನು ಹಿಪ್ಪುನೇರಳೆ ತೋಟದ ಬೇಲಿಗೆ ಕಟ್ಟಿ, ಮೆಲ್ಲಗೆ ಹುಳದ ಮನೆಯ ಬಾಗಿಲಲ್ಲಿ ಇಣುಕಿದ. ತಟ್ಟೆಯ ತುಂಬ ಸತ್ತ ಬೆಳೆ ನೋಡಬೇಕಾಗುತ್ತದೆಂದು ಕಣ್ಣು ಅರ್ಧ ಮುಚ್ಚಿಕೊಂಡಿದ್ದ.

ತಟ್ಟೆಗಳು ಖಾಲಿಯಾಗಿದ್ದವು. ನೆಲದ ಮೇಲೆ ತೊಗರಿ ಕಡ್ಡಿ ಹರಡಿತ್ತು, ಕಡ್ಡಿಯ ಮೇಲೆ ಸಾಲಾಗಿ ಇಂದ್ರಪುರಿಯ ಕಾಗದದ ಟೋಪಿಗಳು ಬೋರಲಾಗದೆ ಬಾಯಿ ಮೇಲಾಗಿ ಕೂತಿದ್ದವು. ಬಣ್ಣದ ಗಿರಗಟ್ಟೆಗಳ ಮಡಿಕೆಯಲ್ಲಿ, ಹರಿದು ಪೊಟ್ಟಣ ಕಟ್ಟಿದ ಪೋಸ್ಟರುಗಳ ಒಳಗೆ, ಎಲ್ಲಿ ನೋಡಿದರೂ ಹುಳ ತಲೆಯಾಡಿಸುತ್ತಾ ನೂಲು ಸುತ್ತುತ್ತಿತ್ತು. ಎರಡು ವರ್ಷ ಅಟ್ಟದ ಮೇಲಿದ್ದ ಅಭಿಮಾನವೆಲ್ಲ ಕೆಳಗೆ ಇಳಿದಿತ್ತು.

"ನೆತ್ತಿ ಮೇಲ್ ಬಿಸ್ಲು ಬರೋಗಂಟ ಕಾದೆ," ಎಂದಳು ಲಕ್ಷ್ಮಿದೇವಮ್ಮ, ತಲೆಯೆತ್ತದೆ ಹುಳ ಆಯುತ್ತಾ. "ನೀವ್ ಬರಾಕಿಲ್ಲ ಅಂತ ಹುಳಕ್ಕೂ ಗೊತ್ತಾಯ್ತು, ನಂಗೂ ಗೊತ್ತಾಯ್ತು. ಒಳಕ್ ಬರ್ಬ್ಯಾಡಿ, ಅಲ್ಲೇ ನಿಂತ್ಕಳಿ. ಏನೇನೋ ನಾತ, ಹುಳಕ್ಕಾಗಾಕಿಲ್ಲ."

"ಬೆಳೆ ಉಳೀತಾ?"

"ಉಳೀತು. ಗೂಡ್ನ ನನ್ ಹೆಸ್ರಲ್ಲಿ ಮಾರ್ತೀನಿ. ನಿಮ್ ಹೆಸ್ರಿರೋದಕ್ಕೆಲ್ಲ ಅರಗ್ ಬೀಳ್ತದಂತೆ."

ಅಷ್ಟರಲ್ಲಿ ತೋಟದ ಕಡೆಯಿಂದ ಕರಕರ ಸದ್ದು ಬಂತು. ಲಕ್ಷ್ಮಿದೇವಮ್ಮ ಹೊರಗೆ ಬಂದಳು. ಒಂಟೆ ಬೇಲಿಯ ಮೇಲಿಂದ ಕತ್ತು ಚಾಚಿ, ಮುಂದಿನ ಬೆಳೆಗೆಂದು ಬಿಟ್ಟಿದ್ದ ಎಳೆ ಹಿಪ್ಪುನೇರಳೆಯ ಒಂದು ಸಾಲನ್ನು ಬೋಳಿಸಿ, ಎರಡನೆಯ ಸಾಲಿಗೆ ಬಾಯಿ ಹಾಕಿತ್ತು.

"ಇದ್ಯಾರ್ದು?"

ಎರಡು ವರ್ಷದಿಂದ ಸಿಕ್ಕಿದ್ದಕ್ಕೆಲ್ಲ ನಮ್ಮದು, ನಮ್ಮದು ಎಂದುಕೊಂಡು ಬಂದ ಬೀರಯ್ಯ ಒಂದು ಗಳಿಗೆ ಯೋಚನೆ ಮಾಡಿದ.

"ನಮ್ದಲ್ಲ ಕಣೆ," ಎಂದ.

"ಅಯ್ಯೋ, ಹಂಗಂದ್ರೆ ಹೆಂಗಪ್ಪಾ!" ಗೋಡೆಯ ಆಚೆಯಿಂದ ಮಾರಕ್ಕನ ದನಿ ಬಂತು. "ನಾನ್ ಹೆಬ್ಬೆಟ್ ಒತ್ಬುಟ್ಟು ಬಂದಿದೀನಲ್ಲ!"

ಒಂಟೆ ಮೂರನೆಯ ಸಾಲಿಗೆ ಸರಿಯಿತು.